ಮೋಸ್ಲಿ ಓಲ್ಡ್ ಹಾಲ್: ಇಟ್ಟಿಗೆಯ ಹೊದಿಕೆಯೊಳಗಣ ಮನೆ

ಇಂಗ್ಲೆಂಡಿನ ವಾಸ್ತುಶಿಲ್ಪವನ್ನು ಕುರಿತು ಬರೆದವರು ಬಹುಕಾಲ ಕೋಟೆ, ಇಗರ್ಜಿ, ಅರಮನೆಗಳಲ್ಲಿಯೇ ದೃಷ್ಟಿಯನ್ನು ನೆಟ್ಟಿದ್ದರು. ರೈತನ ಮನೆಯೂ ಇತಿಹಾಸಕ್ಕೆ ಆಧಾರವೆಂಬ ಅರಿವು ಬಲಗೊಂಡದ್ದು 20ನೆಯ ಶತಮಾನದ ಮಧ್ಯಭಾಗದಲ್ಲಿ. 1570ರಿಂದ 1640ರವರೆಗಿನ ಅವಧಿಯಲ್ಲಿ ಗ್ರಾಮೀಣ ಇಂಗ್ಲೆಂಡು ತನ್ನ ವಾಸಗೃಹಗಳನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿಕೊಂಡಿತೆಂದು ಡಬ್ಲ್ಯು. ಜಿ. ಹಾಸ್ಕಿನ್ಸರು 1953ರಲ್ಲಿ ಪ್ರತಿಪಾದಿಸಿದರು. ಮನೆಗಳ ಮೇಲೆ ಕೆತ್ತಿರುವ ಇಸವಿಗಳನ್ನು ಎಣಿಸಿ ನೋಡಿದ ಆರ್. ಮಚಿನ್ ಅವರು 1977ರಲ್ಲಿ ಈ ಕಾಲನಿರ್ಣಯವನ್ನು ಪ್ರಶ್ನಿಸಿದರು. ಈ ವಾದದಲ್ಲಿ ಯಾವ ಪಕ್ಷವನ್ನು ಹಿಡಿದರೂ ಒಂದು ಸಂಶಯವನ್ನು ಮೊದಲು ಪರಿಹರಿಸಿಕೊಳ್ಳಬೇಕಾಗುತ್ತದೆ: ಹೊರಗೋಡೆ ಹೇಳುವ ಕಾಲವೇ ಮನೆಯ ಕಾಲವೆಂದು ನಂಬಬಹುದೆ?

ಸ್ಟಾಫರ್ಡ್‌ಷೈರಿನಲ್ಲಿ, ವೂಲ್ವರ್‌ಹ್ಯಾಂಪ್ಟನ್ ನಗರಕ್ಕೆ ಉತ್ತರದಲ್ಲಿರುವ ಮೋಸ್ಲಿ ಓಲ್ಡ್ ಹಾಲ್ ಈ ಪ್ರಶ್ನೆಗೆ ಒಳ್ಳೆಯ ನಿದರ್ಶನ. ದೂರದಿಂದ ನೋಡಿದವರಿಗೆ ಅದು ವಿಕ್ಟೋರಿಯಾ ರಾಣಿಯ ಕಾಲದ ಕೆಂಪು ಇಟ್ಟಿಗೆಯ ತೋಟದ ಮನೆ. ಅನುಕೂಲವಂತನಾದ ರೈತನೊಬ್ಬನ ವಾಸಕ್ಕೆ ತಕ್ಕುದು, ಅದಕ್ಕಿಂತ ಹೆಚ್ಚಿನದೇನಲ್ಲ. ಆದರೆ ಈ ಇಟ್ಟಿಗೆ 1870ರ ಸುಮಾರಿಗೆ ಹೊದಿಸಿದ ಹೊದಿಕೆ ಮಾತ್ರ. ಅದರೊಳಗೆ ನಿಂತಿರುವುದು 1600ರ ಸುಮಾರಿಗೆ ಕಟ್ಟಿದ ಮರದ ಚೌಕಟ್ಟಿನ ಮನೆ.

ಇಂತಹ ಮನೆಯ ರಚನೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಓಕ್ ಮರದ ತಳತೊಲೆಯ ಮೇಲೆ ಕಂಬಗಳನ್ನು ನಿಲ್ಲಿಸಿ, ಅಡ್ಡತೊಲೆಗಳನ್ನು ಕೂರಿಸಿ, ಕೀಲುಗಳನ್ನು ಮರದ ಗೂಟಗಳಿಂದ ಬಿಗಿಯುತ್ತಿದ್ದರು. ಕಂಬಗಳ ನಡುವಣ ತೆರಪುಗಳಿಗೆ ಕಡ್ಡಿಗಳ ತಡಿಕೆಯನ್ನು ಹೆಣೆದು ಮಣ್ಣು ಮೆತ್ತುತ್ತಿದ್ದರು. ಮಾಡಿನ ಭಾರವನ್ನು ಹೊರುವುದು ಚೌಕಟ್ಟು. ಗೋಡೆ ಕೇವಲ ತೆರೆ. ಇಟ್ಟಿಗೆಯ ಮುಖ್ಯ ಕೆಲಸ ಇಂತಹ ಮನೆಗಳಲ್ಲಿ ಬೆಂಕಿಗೆ ಅಂಜದ ಹೊಗೆಗೂಡನ್ನು ಕಟ್ಟುವುದಾಗಿತ್ತು. ಆದುದರಿಂದ ಮರದ ಮನೆಯಲ್ಲಿಯೂ ಇಟ್ಟಿಗೆ ಮೊದಲಿನಿಂದಲೇ ಇರಬಹುದು. ಇಟ್ಟಿಗೆ ಕಂಡೊಡನೆ ಮನೆ ಹೊಸದೆನ್ನುವುದು ಆತುರದ ತೀರ್ಮಾನ. ಮಳೆ ಬೀಳುವ ದೇಶದಲ್ಲಿ ನೆಲಕ್ಕೆ ತಾಗಿದ ತಳತೊಲೆ ಮೊದಲು ಕೊಳೆಯುತ್ತದೆ, ಮಣ್ಣಿನ ತೆರೆ ಉದುರುತ್ತದೆ. ಹಾಗಾದಾಗ ಕೆಡವಿ ಕಟ್ಟುವುದಕ್ಕಿಂತ ಹೊರಗೆ ಇಟ್ಟಿಗೆಯ ಗೋಡೆಯನ್ನೆಬ್ಬಿಸುವುದು ಸುಲಭವಾದ ದಾರಿ. 1784ರಲ್ಲಿ ವಿಧಿಸಿದ ಇಟ್ಟಿಗೆಯ ತೆರಿಗೆ 1850ರಲ್ಲಿ ರದ್ದಾಗಿತ್ತೆಂಬುದನ್ನೂ ನೆನೆಯಬೇಕು. ಮೋಸ್ಲಿಯಲ್ಲಿ ಗೋಡೆಯೊಡನೆ ಹಳೆಯ ಕಿಟಕಿಗಳೂ ಹೋಗಿ ಹೊಸ ಮಾದರಿಯವು ಬಂದವು. ಹೊರನೋಟದಿಂದ ಕಾಲವನ್ನು ಊಹಿಸುವವನಿಗೆ ಇನ್ನು ಉಳಿದ ಸುಳಿವು ಕಡಮೆ.

ಒಳಗೆ ಕಾಲಿಟ್ಟೊಡನೆ ಮಾತು ಬೇರೆ. ಮರದ ಹಲಗೆಗಳಿಂದ ಮುಚ್ಚಿದ ಕೋಣೆಗಳು, ಮಾಡಿನಡಿಯ ಅಟ್ಟದಲ್ಲಿ ಪ್ರಾರ್ಥನಾಮಂದಿರ, ಮಲಗುವ ಕೋಣೆಗೆ ಹೊಂದಿದ ಒಳಕೋಣೆಯ ನೆಲದ ಕೆಳಗೆ ಒಂದು ಅಡಗುದಾಣ. ಇವು ವಿನೋದಕ್ಕಾಗಿ ಮಾಡಿದವಲ್ಲ. 1585ರ ಶಾಸನವು ಕ್ಯಾಥೊಲಿಕ್ ಪಾದ್ರಿಯು ಇಂಗ್ಲೆಂಡಿನಲ್ಲಿ ಇರುವುದನ್ನೇ ರಾಜದ್ರೋಹವೆಂದು ಸಾರಿತ್ತು. ಅವನಿಗೆ ಆಶ್ರಯವಿತ್ತವನಿಗೂ ಮರಣದಂಡನೆಯ ಭಯವಿತ್ತು. ಮನೆಯ ನಕ್ಷೆಯೊಳಗೆ ಕಾನೂನಿನ ಭೀತಿ ಹೀಗೆ ಹೊಕ್ಕಿದೆ.

1651ರ ಸೆಪ್ಟೆಂಬರ್ 3ರಂದು ವೂಸ್ಟರ್ ಯುದ್ಧದಲ್ಲಿ ಸೋತ ಎರಡನೆಯ ಚಾರ್ಲ್ಸ್ ವೇಷ ಮರೆಸಿಕೊಂಡು ಅಲೆಯುತ್ತ 8ನೆಯ ತಾರೀಖಿನ ಬೆಳಗಿನ ಜಾವ ಈ ಮನೆಯನ್ನು ಸೇರಿದನು. ಯಜಮಾನನಾದ ತಾಮಸ್ ವಿಟ್‌ಗ್ರೀವ್ ಕ್ಯಾಥೊಲಿಕನು. ಪಾದ್ರಿ ಜಾನ್ ಹಡಲ್‌ಸ್ಟನ್ ಅಲ್ಲಿಯೇ ಇದ್ದನು. ಪಾರ್ಲಿಮೆಂಟಿನ ಸೈನಿಕರು ಬಂದಾಗ ಎತ್ತರದ ಆಳಾದ ಚಾರ್ಲ್ಸ್ ಆ ಇಕ್ಕಟ್ಟಿನ ಬಿಲದೊಳಗೆ ಅಡಗಿದನು. ತಾನು ಯುದ್ಧಕ್ಕೆ ಹೋಗಿರಲಿಲ್ಲವೆಂದು ವಿಟ್‌ಗ್ರೀವ್ ಸೈನಿಕರಿಗೆ ಮನಗಾಣಿಸಿದ ಮೇಲೆ ಅವರು ಹಿಂದಿರುಗಿದರು. ಪಾದ್ರಿಗಳಿಗೆಂದು ಮಾಡಿದ ಅಡಗುದಾಣ ಅರಸನಿಗೆ ಒದಗಿತು. ಅದೇ ಹಡಲ್‌ಸ್ಟನ್ 1685ರಲ್ಲಿ ಮರಣಶಯ್ಯೆಯಲ್ಲಿದ್ದ ಚಾರ್ಲ್ಸನನ್ನು ಕ್ಯಾಥೊಲಿಕ್ ಪಂಥಕ್ಕೆ ಸೇರಿಸಿಕೊಂಡನು.

ಈ ಮನೆ 1962ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅದರದು ಎರಡನೆಯ ವರ್ಗದ ವಿಶೇಷ ದರ್ಜೆ. ಹೀಗಿರಲು, ರಾಜನು ಕಂಡಿದ್ದ ಮರದ ಮುಖವನ್ನು ಹೊರತೆಗೆಯಲು ಇಟ್ಟಿಗೆಯನ್ನು ಕಿತ್ತುಹಾಕಬಾರದೇಕೆ ಎಂದು ಕೆಲವರು ಕೇಳಿಯಾರು. ಅದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಬಾಳಿದ ಚೌಕಟ್ಟು ಮುಂದೆಯೂ ಉಳಿಯಲೆಂದೇ ಈ ಗೋಡೆ ಎದ್ದಿತು; ಮನೆಯ ಬಾಳಿನಲ್ಲಿ ಅದೂ ಒಂದು ಘಟನೆ. ಕಿತ್ತ ಮೇಲೆ ಹಾಳಾದ ಭಾಗಗಳಿಗೆ ಹೊಸ ಮರವನ್ನು ಕೂಡಿಸಬೇಕಾಗುತ್ತದೆ; ಆಗ ಕಾಣುವುದು 1651ರ ಮುಖವಲ್ಲ, ನಮ್ಮ ಕಾಲದ ಊಹೆ. ವಿಲಿಯಂ ಮಾರಿಸ್ ಮೊದಲಾದವರು 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗಾಗಿ ಸಂಘವನ್ನು ಸ್ಥಾಪಿಸಿದ್ದು ಇಂತಹ ಜೀರ್ಣೋದ್ಧಾರವನ್ನು ತಡೆಯುವುದಕ್ಕಾಗಿಯೇ.

ತೋಟದ ವಿಷಯದಲ್ಲಿ ಟ್ರಸ್ಟು ಇಷ್ಟು ಬಿಗಿಯಾಗಿ ನಡೆದುಕೊಳ್ಳಲಿಲ್ಲ. ಅಲ್ಲಿ ಈಗ ಕಾಣುವ, ತಗ್ಗು ಬೇಲಿಗಳಿಂದ ಗಂಟಿನಾಕೃತಿಯಲ್ಲಿ ಹೆಣೆದ ಪಾತಿಗಳು ವಾಲ್ಟರ್ ಸ್ಟೋನ್‌ಹೌಸ್ ಎಂಬ ಪಾದ್ರಿಯ 1640ರ ವಿನ್ಯಾಸವನ್ನು ಅನುಸರಿಸಿ ಹೊಸದಾಗಿ ಮಾಡಿದವು. ಆ ವಿನ್ಯಾಸ ಯಾರ್ಕ್‌ಷೈರಿನದು, ಮೋಸ್ಲಿಯದಲ್ಲ. ನೋಡಲು ಅಂದವಾಗಿದೆ, ಆದರೆ ಅದನ್ನು ಮನೆಯ ಚರಿತ್ರೆಗೆ ಆಧಾರವಾಗಿ ವಿದ್ಯಾರ್ಥಿಗಳು ಬಳಸಲಾಗದು.