ಹಾಲುಹಲ್ಲು ಮತ್ತು ಹೃದಯ: ಒಂದು ಹಳೇ ಕಥಿ

"ಬಿಡ್ರಿ, ಹಾಲುಹಲ್ಲು ಅದ, ತಾನೇ ಬೀಳ್ತದ."

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ... ನಮ್ಮ ಕಡೆ ಯಾವ ಊರಾಗಾದ್ರೂ ಈ ಮಾತು ಕೇಳಿರ್ತೀರಿ. ಹೆಚ್ಚಿನ ಮಕ್ಕಳಿಗೆ ಹುಳುಕು ಹಲ್ಲಿನಿಂದ ಹೃದಯಕ್ಕೇನೂ ಆಗಲ್ಲ. ಆದರೆ ಹೃದಯದಲ್ಲಿ ಮೊದಲೇ ದೋಷ ಇರುವ ಮಗುವಿನ ಲೆಕ್ಕ ಬೇರೆ. ಇದು ಗೊತ್ತಾಗಿದ್ದು ಹೇಗೆ?

🦷 1885. ವೈದ್ಯ ವಿಲಿಯಂ ಆಸ್ಲರ್ ಲಂಡನ್ನಿನಲ್ಲಿ ಹೃದಯದ ಒಳಪದರದ ಸೋಂಕಿನ ಬಗ್ಗೆ ಉಪನ್ಯಾಸ ಕೊಟ್ಟರು. ಇದೇ ಎಂಡೋಕಾರ್ಡೈಟಿಸ್. ಮೊದಲೇ ಕೆಟ್ಟಿದ್ದ ಕವಾಟಗಳಲ್ಲೇ ಇದು ಹೆಚ್ಚು ಅಂತ ತೋರಿಸಿದರು. ಆಗ ಇದಕ್ಕೆ ಔಷಧಿನೇ ಇರಲಿಲ್ಲ, ಬದುಕುಳಿದವರು ಅಪರೂಪ.

🦷 1935. ಓಕೆಲ್ ಮತ್ತು ಎಲಿಯಟ್ ಎಂಬ ಇಬ್ಬರು ಹಲ್ಲು ಕಿತ್ತ ತಕ್ಷಣ ರೋಗಿಗಳ ರಕ್ತ ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ! ವಸಡು ತೀರಾ ಕೆಟ್ಟಿದ್ದ ಕೆಲವರಲ್ಲಿ ಹಲ್ಲು ಕೀಳುವ ಮೊದಲೇ ಇತ್ತು. ಗಟ್ಟಿ ಹೃದಯದಲ್ಲಿ ಇವು ನಿಲ್ಲಲ್ಲ, ದೇಹ ಬೇಗ ತೊಳೆದು ಹಾಕುತ್ತದೆ. ಒಳಪದರ ಒರಟಾಗಿದ್ದರೆ ಅಲ್ಲೇ ಅಂಟಿ ಬೆಳೆಯುತ್ತವೆ.

🦷 1955. ಪೆನಿಸಿಲಿನ್ ಬಂದಿತ್ತು. ಹೃದಯದೋಷ ಇದ್ದವರಿಗೆ ಹಲ್ಲಿನ ಚಿಕಿತ್ಸೆಗೆ ಮೊದಲು ಅದನ್ನು ಕೊಡಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಲಹೆ ಕೊಟ್ಟಿತು.

🦷 2007. ಅದೇ ಸಂಸ್ಥೆ ಸಲಹೆ ಬದಲಿಸಿತು. ಕೃತಕ ಕವಾಟ, ಹಿಂದೆ ಇದೇ ಸೋಂಕು, ಕೆಲವು ಗಂಭೀರ ಜನ್ಮದೋಷ: ಇಂಥ ಹೆಚ್ಚು ಅಪಾಯದವರಿಗೆ ಮಾತ್ರ ಮುಂಚಿತ ಔಷಧಿ. ಯಾಕೆ? ಹಲ್ಲು ಕೀಳಿಸೋದು ಯಾವಾಗಲೋ ಒಮ್ಮೆ, ಅಗಿಯೋದು, ಉಜ್ಜೋದು ದಿನಾಲೂ. ಬಾಯಿ ಕೆಟ್ಟಿದ್ದರೆ ಬ್ಯಾಕ್ಟೀರಿಯಾ ದಿನಾ ರಕ್ತಕ್ಕೆ ಇಳೀತಾನೇ ಇರ್ತವೆ. ಅಂದರೆ ಗುಳಿಗೆಗಿಂತ ದೊಡ್ಡ ಕಾವಲು ದಿನಾ ಸ್ವಚ್ಛವಾಗಿರೋ ಬಾಯಿ.

ಈಗ ನಮ್ಮೂರಿಗೆ ಬರೋಣ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗೆ ಬರ್ತದಲ್ಲ, ಅವರ ಪಟ್ಟಿಯಲ್ಲಿ ಹಲ್ಲೂ ಇದೆ, ಹೃದಯವೂ ಇದೆ. ಆ ದಿನ ತಮ್ಮ-ತಂಗೀನ ಶಾಲೆ ತಪ್ಪಿಸಬೇಡಿ. ಹೃದಯದ ತಪಾಸಣೆಗೆ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ.

ಮನೆಯಲ್ಲಿ ಹೃದಯದೋಷದ ಮಗು ಇದ್ದರೆ ಎರಡು ಮಾತು. ಹಲ್ಲಿನ ಡಾಕ್ಟರಿಗೆ ಅದನ್ನು ಮೊದಲೇ ಹೇಳಿ. ಕಾರಣ ತಿಳಿಯದ ಜ್ವರ ಬಿಡದೇ ಇದ್ದರೆ ಮೆಡಿಕಲ್ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸಬೇಡಿ. ರಕ್ತ ಪರೀಕ್ಷೆಗೆ ಮೊದಲೇ ಅದು ಒಳಗೆ ಹೋದರೆ ಬ್ಯಾಕ್ಟೀರಿಯಾ ಸಿಗದೇ ತಪ್ಪಿಸಿಕೊಳ್ಳಬಹುದು.

ಹಾಲುಹಲ್ಲು ಬೀಳ್ತದ, ಖರೆ. ಬೀಳೋ ತನಕ ಅದನ್ನ ನೋಡ್ಕೊಳ್ರಿ. ಮನ್ಯಾಗ ಅಮ್ಮಗ, ಆಯಿಗ ಓದಿ ಹೇಳ್ರಿ. 🙏

#ಹಳೇಕಥಿ #ಹಾಲುಹಲ್ಲು #ನಮ್ಮಕಲಬುರಗಿ