ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ಚೇತರಿಕೆ ಮತ್ತು ಮಾನಸಿಕ ಕಾಯಿಲೆ
ಖಿನ್ನತೆ, ತೀವ್ರ ಆತಂಕ, ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿರುವವರು ಕ್ಯಾನ್ಸರ್‌ನ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುವುದು ಹಲವು ಸಲ ನಿಧಾನ. ನೋವು ಹೆಚ್ಚು ಕಾಡುತ್ತದೆ, ಆಸ್ಪತ್ರೆ ವಾಸ ಉದ್ದವಾಗುತ್ತದೆ.

ಒತ್ತಡವು ಗಾಯ ಮಾಯುವುದನ್ನೇ ತಡಮಾಡುತ್ತದೆ. ಅಮೆರಿಕದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ 1995ರಲ್ಲಿ, ಮರೆವಿನ ಕಾಯಿಲೆಯ ಬಂಧುಗಳನ್ನು ಆರೈಕೆ ಮಾಡುತ್ತಿದ್ದ 13 ಮಹಿಳೆಯರ ತೋಳಿನ ಪುಟ್ಟ ಗಾಯ ಇತರರದಕ್ಕಿಂತ ಸುಮಾರು 9 ದಿನ ತಡವಾಗಿ ಮಾಯಿದ್ದನ್ನು ದಾಖಲಿಸಿತು.

ನಡವಳಿಕೆಯ ಪಾತ್ರವೂ ದೊಡ್ಡದು. ಎದೆ, ಹೊಟ್ಟೆಯ ಆಪರೇಷನ್ ಆದವರು ಮೂರು ಚೆಂಡುಗಳ ಉಸಿರಾಟದ ಸಾಧನದಲ್ಲಿ ಮತ್ತೆ ಮತ್ತೆ ಉಸಿರೆಳೆಯಬೇಕು, ಹೊಲಿಗೆಯ ನೋವಿನಲ್ಲೇ ಎದ್ದು ನಡೆಯಬೇಕು. ಖಿನ್ನತೆ ಕವಿದವರಿಗೆ ಮಂಚದಿಂದ ಕಾಲಿಳಿಸುವುದೇ ಕಷ್ಟ. ಹಾಗೆ ಮಲಗಿಯೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಅವರು ಏಳದಿರುವುದನ್ನು ಸೋಮಾರಿತನವೆಂದು ಗದರುವುದು ಅನ್ಯಾಯ.

ನಿತ್ಯದ ಮನೋರೋಗದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು, ಅರಿವಳಿಕೆ ವೈದ್ಯರಿಂದ ಮುಚ್ಚಿಡಲೂಬಾರದು. ಮೈಯ ನೀರಿನಂಶ ಕುಗ್ಗಿದರೆ ರಕ್ತದಲ್ಲಿ, ಅಂಥ ಮಾತ್ರೆಗಳಲ್ಲೊಂದಾದ ಲಿಥಿಯಂನ ಮಟ್ಟ ಏರುತ್ತದೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್‌ನ ಪರಿಣಾಮವನ್ನು ಖಿನ್ನತೆಯ ಮಾತ್ರೆಯಾದ ಪ್ಯಾರಾಕ್ಸೆಟಿನ್ ತಗ್ಗಿಸಬಲ್ಲದು.

ರೋಗಿಯ ಸಂಕಟವನ್ನು ಅಳೆಯಲು 0ಯಿಂದ 10ರವರೆಗಿನ ಸರಳ ಮಾಪಕವಿದೆ. 4 ಅಥವಾ ಹೆಚ್ಚು ಗುರುತಿಸಿದವರನ್ನು ಸಾಮಾನ್ಯವಾಗಿ ಹೆಚ್ಚಿನ ಮಾನಸಿಕ ತಪಾಸಣೆಗೆ ಕಳಿಸಲಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಇದು ನಡೆಯುವುದು ಒಳ್ಳೆಯದು.