ಚೌಕಟ್ಟು ಕಳೆದುಕೊಂಡ ನಗೆ

ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದ ಪೀಠಿಕೆಯನ್ನು ನಮ್ಮಲ್ಲಿ ಹಲವರು ಓದದೆ ದಾಟಿಬಿಡುತ್ತೇವೆ. ಕ್ರಿಸ್ಟೊಫರ್ ಸ್ಲೈ ಎಂಬ ಕುಡುಕನೊಬ್ಬ ಮೈಮರೆತು ಬಿದ್ದಿರುತ್ತಾನೆ. ವಿನೋದಪ್ರಿಯನಾದ ಪ್ರಭುವೊಬ್ಬ ಅವನಿಗೆ ಸಿರಿವಂತನ ಉಡುಗೆ ತೊಡಿಸಿ, ಅವನೆದುರು ನಾಟಕವಾಡಿಸುತ್ತಾನೆ. ಗಯ್ಯಾಳಿ ಕ್ಯಾಥರೀನಳನ್ನು ಪೆಟ್ರೂಕಿಯೊ ಅನ್ನ ನಿದ್ರೆಗಳಿಲ್ಲದೆ ಕಾಡಿ ಬಗ್ಗಿಸುವ ಕಥೆಯೆಲ್ಲ ಆ ಕುಡುಕನ ಮುಂದೆ ಆಡಿದ ಆಟ. ಆ ಕಾಲದಲ್ಲಿ ಕ್ಯಾಥರೀನಳ ಪಾತ್ರ ವಹಿಸುತ್ತಿದ್ದವನೂ ಒಬ್ಬ ಹುಡುಗನೇ. ‘ಇದು ಆಟ, ನಂಬಬೇಡಿ’ ಎಂದು ರಂಗಭೂಮಿ ಹೀಗೆ ಎರಡು ಬಾರಿ ಎಚ್ಚರಿಸುತ್ತಿತ್ತು.

ನಮ್ಮ ಕಂಪನಿ ನಾಟಕಗಳಿಗೆ ಸ್ಲೈನ ಅಗತ್ಯವಿರಲಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಾನು ಕಂಡ ತಗಡಿನ ಥಿಯೇಟರು, ಬಣ್ಣದ ಪರದೆ, ಕಥೆಯನ್ನು ಬಿಟ್ಟು ಪ್ರೇಕ್ಷಕರೊಡನೆ ಹರಟುವ ಹಾಸ್ಯಗಾರ, ‘ಒನ್ಸ್ ಮೋರ್’ ಕೂಗಿಗೆ ಸತ್ತವನೂ ಎದ್ದು ಹಾಡುವ ಪದ್ಧತಿ, ಇವೆಲ್ಲ ಆ ಚೌಕಟ್ಟಿನ ಕೆಲಸವನ್ನೇ ಮಾಡುತ್ತಿದ್ದವು. ನಿನ್ನೆ ದ್ರೌಪದಿಯಾಗಿದ್ದವಳು ಇಂದು ಸೊಕ್ಕಿನ ಸಾಹುಕಾರನ ಮಗಳು. ಇಂದು ಅವಳು ಸೋತರೂ ನಾಳೆ ಗೆದ್ದಾಳೆಂಬುದು ಎಲ್ಲರಿಗೂ ಗೊತ್ತು.

ಸಿನಿಮಾ ಮೊದಲು ಕಿತ್ತೆಸೆದದ್ದು ಈ ಚೌಕಟ್ಟನ್ನೇ. ಮೇರಿ ಪಿಕ್‌ಫೋರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ಅಭಿನಯದ 1929ರ ಚಿತ್ರದಲ್ಲಿ ಸ್ಲೈ ಇಲ್ಲ. ಎಲಿಜಬೆತ್ ಟೇಲರ್ ಮತ್ತು ರಿಚರ್ಡ್ ಬರ್ಟನ್‌ರನ್ನು ಜೆಫಿರೆಲ್ಲಿ ನಿರ್ದೇಶಿಸಿದ 1967ರ ಚಿತ್ರದಲ್ಲಿಯೂ ಇಲ್ಲ. ಎರಡೂ ಜೋಡಿಗಳು ಆಗ ನಿಜಜೀವನದ ಗಂಡಹೆಂಡಿರು. ಆಟವೆಂಬ ಪರದೆ ಹೀಗೆ ಮತ್ತಷ್ಟು ತೆಳುವಾಯಿತು. ಆದರೂ ಕೊನೆಯ ಶರಣಾಗತಿಯ ಭಾಷಣದ ಬಳಿಕ ಏನು ಮಾಡಬೇಕೆಂಬ ಸಂಕಟ ಇಬ್ಬರನ್ನೂ ಕಾಡಿತು. ಪಿಕ್‌ಫೋರ್ಡ್ ತಂಗಿಯ ಕಡೆಗೆ ಕಣ್ಣು ಮಿಟುಕಿಸಿದಳು. ಟೇಲರ್ ಭಾಷಣ ಮುಗಿಸಿ ಹೊರಟೇಹೋದಳು. ಗಂಡ ಹಿಂದೆ ಓಡಬೇಕಾಯಿತು. ಕಳೆದುಹೋದ ಚೌಕಟ್ಟಿನ ಒಂದು ಚೂರನ್ನು ಇಬ್ಬರೂ ಮರಳಿ ತಂದರೆನ್ನಬೇಕು.

ಕನ್ನಡದಲ್ಲಿ ಇದೇ ನಾಟಕವನ್ನು ಪರ್ವತವಾಣಿಯವರು ‘ಬಹದ್ದೂರ್ ಗಂಡ’ ಎಂದು ನಮ್ಮ ನೆಲಕ್ಕೆ ಒಗ್ಗಿಸಿದರು. ಅದು 1989ರಲ್ಲಿ ‘ನಂಜುಂಡಿ ಕಲ್ಯಾಣ’ ಚಿತ್ರವಾಗಿ ತೆರೆಗೆ ಬಂದು ಅಪಾರ ಯಶಸ್ಸು ಗಳಿಸಿತು. ಅದಕ್ಕೂ ಮೊದಲು, ಕುಷ್ಟಗಿಯ ನೆರೆಯ ಹುನಗುಂದ ಸೀಮೆಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಮತ್ತು ಮಂಜುಳಾ ಅವರ ಚಿತ್ರವಾಗಿತ್ತು. ಶೇಕ್ಸ್‌ಪಿಯರನ ಋಣವಿಲ್ಲದ ಕಥೆ ಅದು. ಆದರೂ ಅಲ್ಲಿಯೂ ಸಿರಿಯ ಸೊಕ್ಕನ್ನು ಹಳ್ಳಿಯ ಗಂಡು ಎದುರಿಸಿ ನಿಲ್ಲುತ್ತಾನೆ. ಬಯಲು, ಹೊಲ, ಎಮ್ಮೆಯ ಮೇಲೆ ಕುಳಿತು ನಾಯಕ ಹಾಡುವ ಹಾಡು, ಇವನ್ನೆಲ್ಲ ಸಿನಿಮಾ ಧಾರಾಳವಾಗಿ ಕೊಟ್ಟಿತು. ರಂಗಮಂದಿರ ಇವನ್ನು ಕೊಡಲಾರದು.

ಆದರೆ ಕಳೆದುಕೊಂಡದ್ದೇನು? ‘ನಂಜುಂಡಿ ಕಲ್ಯಾಣ’ವನ್ನು ನಾನು ಗಂಗಾವತಿಯಲ್ಲಿ ನನ್ನ ಅಕ್ಕನೊಡನೆ ನೋಡಿದೆ. ಜಾತ್ರೆಯ ನಾಟಕಗಳಲ್ಲಿ ಇಂಥ ಸನ್ನಿವೇಶ ಬಂದಾಗ ಸೆರಗು ಬಾಯಿಗಿಟ್ಟು ನಕ್ಕು ನಕ್ಕು ಸುಸ್ತಾಗುತ್ತಿದ್ದವಳು ಅವಳು. ಅಂದು ಚಿತ್ರಮಂದಿರವೆಲ್ಲ ನಗುತ್ತಿತ್ತು, ನಾನೂ ನಕ್ಕೆ. ಅವಳು ಮಾತ್ರ ಕೊನೆಗೆ ಸುಮ್ಮನಾದಳು. ಬಸ್ಸಿಗೆ ಕಾಯುತ್ತಿದ್ದಾಗ ಕೇಳಿದೆ. ‘ನಾಟಕದಾಗ ಆಕಿ ಸೋತಂಗ ಮಾಡ್ತಿದ್ಲೋ ತಮ್ಮಾ. ಇಲ್ಲಿ ಖರೇನ ಸೋತ್ಲು’ ಎಂದಳು.

ಓದುಬರಹ ಹೆಚ್ಚು ಬಾರದ ಅಕ್ಕ ಹೇಳಿದ ಆ ಮಾತಿನಲ್ಲಿ ರೂಪಾಂತರದ ತೊಡಕೆಲ್ಲ ಅಡಗಿದೆ. ಸಿನಿಮಾದ ಸಮೀಪದೃಶ್ಯ ಕಣ್ಣೀರನ್ನು ನಿಜವೆಂದು ನಂಬಿಸುತ್ತದೆ. ನಂಬಿದ ಮೇಲೆ ಅದನ್ನು ಕಂಡು ನಗುವುದು ಸುಲಭವಲ್ಲ, ನಕ್ಕರೆ ಆ ನಗೆ ನಿರ್ದೋಷಿಯಲ್ಲ. ಹಳೆಯ ಪ್ರಹಸನವನ್ನು ತೆರೆಗೆ ತರುವವರು ಅದರ ಕಥೆಯನ್ನೂ ಮಾತುಗಳನ್ನೂ ಹೊತ್ತು ತಂದರೆ ಸಾಲದು. ಸೋತವಳಿಗೂ ನಮ್ಮೊಡನೆ ಕೂಡಿ ನಗಲು ಎಡೆ ಮಾಡಿಕೊಟ್ಟಿದ್ದ ಆ ಚೌಕಟ್ಟನ್ನೂ ಹೇಗಾದರೂ ತರಬೇಕು. ಅದು ಒಂದು ಕಣ್ಣ ಮಿಟುಕಿನಷ್ಟೇ ಚಿಕ್ಕದಿದ್ದರೂ ಸರಿಯೆ.